ಅಕ್ಷರ ಕಲಿತವಳ ಕೈಗೆ ಯಾವ ಪುಸ್ತಕ?

ಅಕ್ಷರ ಕಲಿಸುವುದು ಒಳ್ಳೆಯ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಸಿಯಾದ ಮರುದಿನ ಏನು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಬಹಳ ಕಡಮೆ. ಬಾವಿ ತೋಡಿಸಿದವನು ಹಗ್ಗ ಕೊಡಪಾನಗಳನ್ನು ಮರೆತರೆ ನೀರು ಕಣ್ಣಿಗೆ ಕಾಣುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪ್ರಾಯ ಸಂದ ಮೇಲೆ ಓದು ಕಲಿತ ಅನೇಕ ಹೆಂಗಸರ ಸ್ಥಿತಿ ಹೆಚ್ಚು ಕಡಮೆ ಹೀಗೆಯೇ ಇದೆ. ಅಕ್ಷರವೇನೋ ಬಂತು, ಓದುವುದಕ್ಕೆ ತಕ್ಕ ಪುಸ್ತಕ ಮಾತ್ರ ಬರಲಿಲ್ಲ.

ಸುಳ್ಯ ಪೇಟೆಯಿಂದ ಪಯಸ್ವಿನಿಯನ್ನು ದಾಟಿ ಮಂಡೆಕೋಲಿನ ದಾರಿ ಹಿಡಿದರೆ ಸಿಗುವ ಗ್ರಾಮ ಅಜ್ಜಾವರ. ಅಡಕೆ, ತೆಂಗು, ಗೇರು, ರಬ್ಬರುಗಳ ಊರು. ಇನ್ನೂ ಸ್ವಲ್ಪ ಮುಂದೆ ಹೋದರೆ ಕೇರಳದ ಗಡಿ. ಕೆಲವು ವರ್ಷಗಳಿಂದ ಈ ಕಡೆಯ ಹೆಂಗಸರ ಒಂದು ಸಣ್ಣ ಕೂಟಕ್ಕೆ ವಾರಕ್ಕೊಮ್ಮೆ ಹೋಗುವ ರೂಢಿಯನ್ನು ನಾನು ಇಟ್ಟುಕೊಂಡಿದ್ದೇನೆ. ಹತ್ತು ಹನ್ನೆರಡು ಮಂದಿ ಸೇರುತ್ತಾರೆ. ಹೆಚ್ಚಿನವರು ಐವತ್ತು ದಾಟಿದವರು. ಅವರಿಗೆ ಓದಲು ಏನನ್ನು ಕೊಡಬೇಕೆಂದು ಹುಡುಕುತ್ತ ಹೋದಾಗ ನನಗೆ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ದಕ್ಷಿಣ ಕನ್ನಡದಲ್ಲಿ ಸಾಕ್ಷರತೆಯ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು. ೨೦೧೧ರ ಜನಗಣತಿಯ ಪ್ರಕಾರ ರಾಜ್ಯದ ಸ್ತ್ರೀಸಾಕ್ಷರತೆ ನೂರಕ್ಕೆ ೬೮ರಷ್ಟಿದ್ದಾಗ ಈ ಜಿಲ್ಲೆಯದು ನೂರಕ್ಕೆ ೮೪ನ್ನು ಮುಟ್ಟಿತ್ತು. ಸಂತೋಷವೇ. ಆದರೆ ಅದೇ ಅಂಕಿಯನ್ನು ತಿರುಗಿಸಿ ನೋಡಿದರೆ, ಆರು ಮಂದಿ ಹೆಂಗಸರಲ್ಲಿ ಸುಮಾರು ಒಬ್ಬಳು ಹೊರಗೆ ಉಳಿದಳೆಂದಾಯಿತು. ಒಳಗೆ ಬಂದವರಲ್ಲಿಯೂ ಹೆಸರನ್ನು ಬರೆಯಬಲ್ಲವರೆಷ್ಟು, ಒಂದು ಪುಟವನ್ನು ಓದಿ ತಿಳಿಯಬಲ್ಲವರೆಷ್ಟು ಎಂಬುದನ್ನು ಗಣತಿಯ ಕಾಗದ ಬಿಡಿಸಿ ಹೇಳುವುದಿಲ್ಲ.

೧೯೮೮ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಬಳಿಕ, ೧೯೯೦ರ ದಶಕದ ಮೊದಲ ವರ್ಷಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನವು ನಮ್ಮ ಜಿಲ್ಲೆಯನ್ನೂ ಹೊಕ್ಕಿತು. ಸಂಜೆಯ ಹೊತ್ತು ಲಾಟೀನಿನ ಸುತ್ತ ಕುಳಿತು ಸ್ಲೇಟು ಹಿಡಿದ ತಾಯಂದಿರನ್ನು ಆ ಕಾಲದವರು ಇಂದಿಗೂ ನೆನೆಯುತ್ತಾರೆ. ನಮ್ಮ ಕೂಟದಲ್ಲಿರುವ ನಾಲ್ವರು ಅಂದು ಕಲಿತವರೇ. ಆ ನಾಲ್ವರಲ್ಲಿ ಮೂವರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಕಾರಣವನ್ನು ಕೇಳಿದಾಗ ಒಬ್ಬಾಕೆ ಹೇಳಿದ್ದು ಇಷ್ಟೇ: “ಆ ಪುಸ್ತಕ ಮುಗಿಯಿತು, ಮತ್ತೊಂದು ಯಾರೂ ತಂದುಕೊಡಲಿಲ್ಲ.” ಉಳುಮೆ ನಿಂತ ಗದ್ದೆಯಲ್ಲಿ ಕಳೆ ಬೆಳೆಯುವುದು ಸ್ವಾಭಾವಿಕ, ಅದಕ್ಕೆ ಗದ್ದೆಯನ್ನು ದೂಷಿಸುವಂತಿಲ್ಲ.

ಅಪ್ಪೆ, ಅಮ್ಮೆಗಳ ತೊಡಕು

ಇಂಥವರಿಗೆ ಸಾಮಾನ್ಯವಾಗಿ ಕೊಡಲ್ಪಡುವುದು ಮಕ್ಕಳ ಮೊದಲನೆಯ ಪುಸ್ತಕ. ಅ ಎಂದರೆ ಅರಸ, ಋ ಎಂದರೆ ಋಷಿ. ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಹೆಂಗಸು, ಬಾಣಂತನ ಮಾಡಿ, ಅಡಕೆ ಸುಲಿದು, ಸಾಲ ತೀರಿಸಿ, ಸಂಸಾರವನ್ನು ದಡ ಮುಟ್ಟಿಸಿದವಳು, ಇಲಿ ಓಡಿತು ಬೆಕ್ಕು ಹಿಡಿಯಿತು ಎಂದು ಓದುತ್ತ ಕೂರಬೇಕು. ಅವಳ ಬುದ್ಧಿ ಐವತ್ತು ವರ್ಷದ್ದು, ಅಕ್ಷರ ಮಾತ್ರ ಆರು ತಿಂಗಳದ್ದು. ಈ ಎರಡನ್ನೂ ಗೌರವಿಸುವ ಪುಸ್ತಕ ಬೇಕು. ಮಕ್ಕಳ ಪುಸ್ತಕ ಅವಳ ಅಕ್ಷರಕ್ಕೆ ಹೊಂದುತ್ತದೆ, ಬುದ್ಧಿಗೆ ಹೊಂದುವುದಿಲ್ಲ. ದೊಡ್ಡವರ ಪುಸ್ತಕ ಬುದ್ಧಿಗೆ ಹೊಂದುತ್ತದೆ, ಅಕ್ಷರಕ್ಕೆ ಎಟಕುವುದಿಲ್ಲ.

ಎರಡನೆಯ ತೊಡಕು ಭಾಷೆಯದು. ಅಜ್ಜಾವರದಂಥ ಗ್ರಾಮದಲ್ಲಿ ಗೌಡರ ಮನೆಗಳಲ್ಲಿ ಅರೆಭಾಷೆ, ನೆರೆಯಲ್ಲಿ ತುಳು, ಮತ್ತೊಂದೆಡೆ ಹವ್ಯಕ, ಗಡಿಯ ಕಡೆಗೆ ಮಲಯಾಳ, ಮುಸ್ಲಿಮರ ಮನೆಗಳಲ್ಲಿ ಬ್ಯಾರಿ ಅಥವಾ ಮಲಯಾಳದ ಮಾತು. ೧೯೬೪ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದ ತಮಿಳರು ಈ ತಾಲೂಕಿನ ರಬ್ಬರು ತೋಟಗಳಲ್ಲಿ ನೆಲೆಸಿರುವುದರಿಂದ ತಮಿಳೂ ಇದೆ. ಹೀಗಿರುತ್ತ ಪುಸ್ತಕದ ಕನ್ನಡವು ಬಹುಮಂದಿಗೆ ಮನೆಯ ಮಾತಲ್ಲ, ಶಾಲೆಯ ಮಾತು. ಶಾಲೆಗೆ ಹೋಗದವಳಿಗೆ ಅದು ಅಷ್ಟರಮಟ್ಟಿಗೆ ದೂರ.

ಒಂದು ಸಣ್ಣ ಉದಾಹರಣೆ ಸಾಕು. ಕನ್ನಡದ ಮೊದಲ ಪಾಠಗಳಲ್ಲಿ ಅಮ್ಮ, ಅಪ್ಪ ಎಂಬ ಶಬ್ದಗಳು ತಪ್ಪದೆ ಬರುತ್ತವೆ. ಎಲ್ಲರಿಗೂ ಗೊತ್ತಿರುವ ಮಾತುಗಳೆಂಬುದೇ ಅದಕ್ಕೆ ಕಾರಣ. ಆದರೆ ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ! ಅಕ್ಷರವನ್ನು ಕೂಡಿಸಿ ಕೂಡಿಸಿ ‘ಅಪ್ಪ’ ಎಂದು ಓದಿ, ಪಕ್ಕದಲ್ಲಿರುವ ಮೀಸೆಯ ಚಿತ್ರವನ್ನು ನೋಡಿ ತುಳು ಹೆಂಗಸೊಬ್ಬಳು ಬಿದ್ದು ಬಿದ್ದು ನಕ್ಕದ್ದನ್ನು ನಾನು ಕಂಡಿದ್ದೇನೆ. ನಗೆಯೇನೋ ಒಳ್ಳೆಯದೇ. ಆದರೆ ಅತ್ಯಂತ ಸುಲಭವೆಂದು ನಾವು ಆರಿಸಿದ ಶಬ್ದವೇ ಅವಳನ್ನು ಎಡವಿಸಿತೆಂಬುದನ್ನು ಪುಸ್ತಕ ಬರೆಯುವವರು ಮನಸ್ಸಿಗೆ ತಂದುಕೊಳ್ಳಬೇಕು. ಅ ಎಂದರೆ ಅಡಕೆ, ಹ ಎಂದರೆ ಹಲಸು, ಬ ಎಂದರೆ ಬಸಳೆ ಎಂದು ಆರಂಭಿಸಿದ್ದರೆ ಯಾವ ಭಾಷೆಯ ಮನೆಯವಳಿಗೂ ಅಂಗಳದ ವಸ್ತುವೇ ಕಣ್ಣಮುಂದೆ ಬರುತ್ತಿತ್ತು.

ಮನೆಯಲ್ಲೇ ಇರುವ ಗ್ರಂಥಭಂಡಾರ

ಪುಸ್ತಕ ಸಿಗದೆ ಬೇಸತ್ತು, ಒಂದು ದಿನ ನಾನು ಕೂಟದವರೊಡನೆ ಅವರವರ ಮನೆಯಲ್ಲಿ ಅಕ್ಷರ ಇರುವ ಏನಿದ್ದರೂ ತರಬೇಕೆಂದು ಕೇಳಿಕೊಂಡೆ. ಮುಂದಿನ ವಾರ ಬಂದ ರಾಶಿಯನ್ನು ನೋಡಿ ಬೆರಗಾದೆ. ಸ್ವಸಹಾಯ ಸಂಘದ ಪಾಸ್‌ಬುಕ್ಕು, ಹಾಲಿನ ಸೊಸೈಟಿಯ ಚೀಟಿ, ಬೀಡಿಯ ಲೆಕ್ಕದ ಪುಸ್ತಕ, ಪಡಿತರ ಚೀಟಿ, ಕರೆಂಟು ಬಿಲ್ಲು, ಔಷಧದ ಪೊಟ್ಟಣ, ಮೈಲುತುತ್ತಿನ ಚೀಲ, ಪಂಚಾಂಗದ ಕ್ಯಾಲೆಂಡರು. ಇವೆಲ್ಲಕ್ಕಿಂತ ಹೆಚ್ಚಾಗಿದ್ದುದು ಆಮಂತ್ರಣ ಪತ್ರಿಕೆಗಳು. ಮದುವೆಯವು, ಗೃಹಪ್ರವೇಶದವು, ದೈವದ ನೇಮದವು, ಜಾತ್ರೆಯವು, ಉತ್ತರಕ್ರಿಯೆಯವು.

ಈ ಆಮಂತ್ರಣ ಪತ್ರಿಕೆಗಿಂತ ಒಳ್ಳೆಯ ಮೊದಲ ಪುಸ್ತಕವನ್ನು ನಾನು ಈವರೆಗೆ ಕಂಡಿಲ್ಲ. ಅದರ ಅಕ್ಷರ ದಪ್ಪ. ಒಳಗಿನ ಹೆಸರುಗಳು ನೆಂಟರವು, ಊರುಗಳು ಗೊತ್ತಿದ್ದವು. ಯಾವ ಮಾತಿನ ಮುಂದೆ ಯಾವ ಮಾತು ಬರುತ್ತದೆಂಬುದು ಕಿವಿಗೆ ಮೊದಲೇ ತಿಳಿದಿರುತ್ತದೆ. ಬಾಯಿಗೆ ಬಂದದ್ದನ್ನು ಕಣ್ಣು ಹಿಂಬಾಲಿಸಿದರೆ ಸಾಕು. ಅಲ್ಲದೆ ಅದನ್ನು ಓದುವುದರಲ್ಲಿ ಒಂದು ಕಾರ್ಯವೂ ಇದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ತಿಳಿಯಲೇಬೇಕು. ಎರಡು ವಾರದಲ್ಲಿ ಆ ಹೆಂಗಸರು ಒತ್ತಕ್ಷರಗಳನ್ನು ಗುರುತಿಸಿದ ವೇಗ, ಪಾಠದ ಪುಸ್ತಕದಿಂದ ಎರಡು ತಿಂಗಳಲ್ಲಿಯೂ ಬಂದಿರಲಿಲ್ಲ.

ಉಳಿದ ಕಾಗದಗಳೂ ಕಡಮೆಯವಲ್ಲ. ಕೀಟನಾಶಕದ ಡಬ್ಬಿಯ ಮೇಲೆ ಚೌಕಾಕಾರದ ಗುರುತೊಂದಿರುತ್ತದೆ. ಕೆಂಪು ಎಂದರೆ ಅತ್ಯಂತ ಘೋರವಿಷ, ಹಳದಿ ಅದಕ್ಕಿಂತ ಕಡಮೆ, ನೀಲಿ ಇನ್ನೂ ಕಡಮೆ, ಹಸುರು ಎಲ್ಲಕ್ಕಿಂತ ಸೌಮ್ಯ. ಅಡಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಭೇದಿಯಾದ ಮಗುವಿಗೆ ಒಂದು ಲೀಟರು ಕಾಯಿಸಿ ಆರಿಸಿದ ನೀರಿನಲ್ಲಿ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇವು ಒಂದೊಂದೂ ಒಂದು ಪುಟದ ಪಾಠಗಳು. ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನಿನ ಸಂಕಟವನ್ನು ಕಾಸರಗೋಡಿನಂತೆಯೇ ಪುತ್ತೂರು, ಸುಳ್ಯ, ಬೆಳ್ತಂಗಡಿ ತಾಲೂಕುಗಳೂ ಉಂಡಿವೆ. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು ೨೦೧೧ರಲ್ಲಿ. ವಿಷದ ಹೆಸರನ್ನು ಓದಿ ತಿಳಿಯುವುದು ಈ ಸೀಮೆಯ ತಾಯಂದಿರಿಗೆ ಅಲಂಕಾರದ ವಿದ್ಯೆಯಲ್ಲ.

ರುಜು ಬಲ್ಲವಳ ಅಪಾಯ

ಇಲ್ಲಿ ಇನ್ನೊಂದು ಗಂಭೀರವಾದ ಮಾತನ್ನು ಹೇಳಲೇಬೇಕಾಗಿದೆ. ನಮ್ಮ ಸಾಕ್ಷರತೆಯ ಉತ್ಸಾಹವು ಬಹುಕಾಲ ರುಜು ಹಾಕಲು ಕಲಿಸುವುದರಲ್ಲಿಯೇ ತೃಪ್ತವಾಯಿತು. ಹೆಬ್ಬೆಟ್ಟಿನ ಅವಮಾನ ನೀಗಿತೆಂದು ಎಲ್ಲರೂ ಸಂತೋಷಪಟ್ಟೆವು. ಆದರೆ ಹೆಬ್ಬೆಟ್ಟು ಒತ್ತುವವಳ ಮುಂದೆ ಪತ್ರವನ್ನು ಓದಿ, ವಿವರಿಸಿ, ಸಾಕ್ಷಿಯ ರುಜು ಪಡೆಯುವ ಪದ್ಧತಿ ಇದೆ. ಅವಳಿಗೆ ಓದು ಬಾರದೆಂಬುದನ್ನು ಆ ಗುರುತೇ ಸಾರುತ್ತದೆ. ರುಜು ಹಾಕಿದವಳಾದರೋ ಓದಿ, ತಿಳಿದು, ಒಪ್ಪಿದಳೆಂದೇ ಲೋಕ ಭಾವಿಸುತ್ತದೆ. ಹೆಸರನ್ನು ಬರೆಯಬಲ್ಲ, ಪತ್ರವನ್ನು ಓದಲಾರದ ಹೆಂಗಸು ಹೆಬ್ಬೆಟ್ಟಿನವಳಿಗಿಂತ ಹೆಚ್ಚಿನ ಅಪಾಯದಲ್ಲಿದ್ದಾಳೆ.

ನಮ್ಮ ಕೂಟದ ಒಬ್ಬಾಕೆ ನೆರೆಯವಳ ಸಾಲದ ಕಾಗದಕ್ಕೆ ತಾನು ಸಾಕ್ಷಿಯೆಂದು ತಿಳಿದು ಅಂದವಾದ ಅಕ್ಷರದಲ್ಲಿ ರುಜು ಹಾಕಿದ್ದಳು. ಅವಳು ಹಾಕಿದ್ದು ಜಾಮೀನಿನ ರುಜು. ಕಂತು ನಿಂತಾಗ ಮನೆಯ ಬಾಗಿಲಿಗೆ ಬಂದವರು ಅವಳ ರುಜುವನ್ನೇ ತೋರಿಸಿದರು. ಎರಡು ಮಳೆಗಾಲ ಅಡಕೆ ಸುಲಿದ ಕೂಲಿ ಅದಕ್ಕೇ ಹೋಯಿತು. ‘ಸಾಕ್ಷಿ’, ‘ಜಾಮೀನು’ ಎಂಬ ಎರಡು ಶಬ್ದಗಳನ್ನು ಬೇರೆ ಬೇರೆಯಾಗಿ ಓದಬಲ್ಲವಳಾಗಿದ್ದರೆ ಆ ಹಣ ಅವಳ ಪೆಟ್ಟಿಗೆಯಲ್ಲಿ ಉಳಿಯುತ್ತಿತ್ತು. ಗುಂಪಿನ ಸಾಲಗಳು ಮನೆಮನೆಗೆ ಬಂದಿರುವ ಈ ದಿನಗಳಲ್ಲಿ ಅಸಲು, ಬಡ್ಡಿ, ಕಂತು, ಹೊಣೆ, ಜಾಮೀನು, ವಾಯಿದೆ ಎಂಬ ಆರು ಮಾತುಗಳ ಮೇಲೆ ಒಂದೊಂದು ಸಣ್ಣ ಕಥೆಯನ್ನು ಬರೆದು ಕೊಟ್ಟರೆ, ಅದು ಅಲಮಾರುಗಟ್ಟಲೆ ನೀತಿಬೋಧೆಗಿಂತ ಮಿಗಿಲಾದ ಉಪಕಾರ.

ಹೊರಗಿನ ನಿದರ್ಶನಗಳು

ಓದುವವರ ಬಾಳಿನಿಂದಲೇ ಪಾಠವನ್ನು ಎತ್ತಬೇಕೆಂಬ ವಿಚಾರ ಹೊಸದಲ್ಲ. ೧೯೬೩ರಲ್ಲಿ ಬ್ರೆಜಿಲ್ ದೇಶದ ಆಂಜಿಕೋಸ್ ಎಂಬ ಊರಿನಲ್ಲಿ ಪೌಲೋ ಫ್ರೇರೆಯವರು ಸುಮಾರು ಮುನ್ನೂರು ಮಂದಿ ಕೂಲಿಕಾರರಿಗೆ, ಅವರು ದಿನವೂ ಆಡುವ ಇಟ್ಟಿಗೆ, ಹೊಲ ಮೊದಲಾದ ಶಬ್ದಗಳನ್ನೇ ಹಿಡಿದು ಕೆಲವು ವಾರಗಳಲ್ಲಿ ಓದು ಕಲಿಸಿದರು. ಮರುವರ್ಷ ಅಲ್ಲಿ ಸೈನ್ಯದ ಆಡಳಿತ ಬಂದಾಗ ಅವರನ್ನು ಸೆರೆಗೆ ಹಾಕಿದರು. ಆಮೇಲೆ ಅವರು ದೇಶವನ್ನೇ ಬಿಡಬೇಕಾಯಿತು. ಬರೀ ಅಕ್ಷರ ಕಲಿಸಿದವನಿಗೆ ಯಾರೂ ಹೆದರುವುದಿಲ್ಲ, ಅರ್ಥ ಕಲಿಸಿದವನಿಗೆ ಹೆದರುತ್ತಾರೆ ಎಂದು ಇದರಿಂದ ತಿಳಿಯಬಹುದು.

ಅಷ್ಟು ದೂರ ಹೋಗುವುದೂ ಬೇಡ. ಆಂಧ್ರದ ನೆಲ್ಲೂರು ಜಿಲ್ಲೆಯ ಸಾಕ್ಷರತಾ ಪುಸ್ತಕದಲ್ಲಿ ಸೀತಮ್ಮನೆಂಬ ಹಳ್ಳಿಯ ಹೆಂಗಸಿನ ಕಥೆಯೊಂದಿತ್ತು. ಸಾರಾಯಿ ಅಂಗಡಿಯನ್ನು ಹೆಂಗಸರು ಕೂಡಿ ಮುಚ್ಚಿಸಿದ ಕಥೆ. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ತಮ್ಮ ಊರಿನ ಸಾರಾಯಿಯನ್ನು ತಡೆದರು. ಅವರ ಸಾಹಸವೂ ಮುಂದಿನ ಪುಸ್ತಕದಲ್ಲಿ ಪಾಠವಾಗಿ ಬಂದು, ೧೯೯೨ರಲ್ಲಿ ಹಳ್ಳಿಯಿಂದ ಹಳ್ಳಿಗೆ ಕಿಚ್ಚಿನಂತೆ ಹಬ್ಬಿತು. ೧೯೯೩ರಲ್ಲಿ ಆ ರಾಜ್ಯದಲ್ಲಿ ಸಾರಾಯಿಯೂ, ೧೯೯೫ರಲ್ಲಿ ಎಲ್ಲ ಬಗೆಯ ಮದ್ಯವೂ ನಿಷೇಧವಾದವು. ನಿಷೇಧ ೧೯೯೭ರ ಬಳಿಕ ಉಳಿಯಲಿಲ್ಲವೆಂಬುದು ಬೇರೆ ಮಾತು. ದಪ್ಪ ಅಕ್ಷರದ ಎರಡು ಪುಟ, ತಕ್ಕ ಕೈಗಳನ್ನು ಸೇರಿದರೆ ಏನು ಮಾಡೀತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ನಮ್ಮಲ್ಲಿಯೂ ಯತ್ನಗಳು ನಡೆಯದೆ ಇರಲಿಲ್ಲ. ಹಳೆಯ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಓದು ಕಲಿತವರಿಗಾಗಿಯೇ ‘ಬೆಳಕು’ ಎಂಬ ಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ವನ್ನೂ ಹೊರಡಿಸಿತ್ತು. ೧೯೫೬ರ ನವೆಂಬರಿನವರೆಗೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಆ ಬೆಳಕು ತಡವಾಗಿ ತಲುಪಿತು. ಜ್ಞಾನವನ್ನು ಸರಳವಾದ ಕನ್ನಡದಲ್ಲಿ ಹೇಳುವವರು ಈ ಸೀಮೆಯಲ್ಲಿ ಇಲ್ಲದಿರಲಿಲ್ಲ. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ೧೯೩೬ರಲ್ಲಿಯೇ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಕೊಟ್ಟರು. ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ ಹುಟ್ಟಿದ ನಿರಂಜನರು ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಸಂಪಾದಿಸಿದರು. ಮಕ್ಕಳಿಗೆ ಇಂಥ ಭಾಗ್ಯ ಒದಗಿತು. ಮಕ್ಕಳ ತಾಯಂದಿರಿಗೆ ಅಂಥ ಒಂದು ಸಂಪುಟವೂ ಒದಗಲಿಲ್ಲ.

ಕೇವಲ ಉಪಯೋಗ ಸಾಲದು

ಹಾಗೆಂದು ಹೆಂಗಸರಿಗೆ ಬಡ್ಡಿಯ ಲೆಕ್ಕವೂ ಭೇದಿಯ ಮದ್ದೂ ಸಾಕೆಂದು ನನ್ನ ಅಭಿಪ್ರಾಯವಲ್ಲ. ಇದು ವಯಸ್ಕರ ಸಾಹಿತ್ಯ ಬರೆಯುವವರು ಮೇಲಿಂದ ಮೇಲೆ ಬೀಳುವ ಹಳ್ಳ. ಅವರ ಪುಸ್ತಕಗಳಲ್ಲಿ ಹೆಂಗಸು ಯಾವಾಗಲೂ ಕೈ ತೊಳೆಯುತ್ತಿರುತ್ತಾಳೆ, ಲಸಿಕೆ ಹಾಕಿಸುತ್ತಿರುತ್ತಾಳೆ, ಉಳಿತಾಯ ಮಾಡುತ್ತಿರುತ್ತಾಳೆ, ಒಮ್ಮೆಯಾದರೂ ನಗುವುದಿಲ್ಲ. ಗಂಡಸರು ಕಾದಂಬರಿ ಓದುವುದು ಯಾವ ಉಪಯೋಗಕ್ಕಾಗಿ ಎಂದು ನಾವು ಕೇಳುವುದಿಲ್ಲವಷ್ಟೆ?

ನಮ್ಮ ಹೆಂಗಸರ ನಾಲಗೆಯ ಮೇಲೆ ಸಾಹಿತ್ಯವು ಅಕ್ಷರಕ್ಕೆ ಮೊದಲೇ ಇದೆ. ನೇಜಿ ನೆಡುವಾಗ ಹಾಡಿದ ಪಾಡ್ದನಗಳು, ಮದುವೆಯ ಶೋಭಾನೆಗಳು, ರಾತ್ರಿಯಿಡೀ ಕಣ್ಣರಳಿಸಿ ನೋಡಿದ ಯಕ್ಷಗಾನ. ಶಾಲೆಯ ಮೆಟ್ಟಲು ಹತ್ತದವಳೂ ದ್ರೌಪದಿಯ ಸಂಕಟವನ್ನೂ ಸಿರಿಯ ಕಥೆಯನ್ನೂ ವಾದಮಾಡಿ ವಿವರಿಸಬಲ್ಲಳು. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೋಂಕೊ ಅವರ ತಂಡ ೧೯೯೦ರಲ್ಲಿ ಧ್ವನಿಮುದ್ರಿಸಿ, ೧೯೯೮ರಲ್ಲಿ ಗ್ರಂಥವಾಗಿ ಪ್ರಕಟಿಸಿತು. ಹದಿನೈದು ಸಾವಿರಕ್ಕೂ ಮಿಕ್ಕ ಸಾಲುಗಳು. ಪಂಡಿತರಿಗೆ ಅದು ಮಹಾಕೋಶ. ಅದೇ ಸಿರಿಯ ಕಥೆಯನ್ನು ಇಪ್ಪತ್ತು ಪುಟಗಳಲ್ಲಿ, ದಪ್ಪ ಅಕ್ಷರದಲ್ಲಿ, ಆ ಕಥೆಯನ್ನು ಹಾಡುತ್ತ ಬಂದ ಹೆಂಗಸರ ಕೈಗೆ ಕೊಟ್ಟರೆ ಅವರು ಅರ್ಧ ದಾರಿಯನ್ನು ತಾವೇ ನಡೆದು ಬರುತ್ತಾರೆ. ೧೮೩೭ರ ಅಮರ ಸುಳ್ಯದ ದಂಗೆಯ ಕಥೆಗೂ ಇದೇ ಮಾತು ಸಲ್ಲುತ್ತದೆ. ೨೦೧೧ರಲ್ಲಿ ಸ್ಥಾಪಿತವಾದ ಅರೆಭಾಷೆ ಅಕಾಡೆಮಿಯು ‘ಹಿಂಗಾರ’ ಎಂಬ ಪತ್ರಿಕೆಯನ್ನು ನಡೆಸುತ್ತಿದೆ. ಅದರಲ್ಲಿ ಹೊಸ ಓದುಗಿತ್ತಿಯರಿಗಾಗಿ ನಾಲ್ಕು ಪುಟ ದಪ್ಪ ಅಕ್ಷರ ಮೀಸಲಾದರೆ ಎಷ್ಟು ಚೆನ್ನ!

ಮೊಬೈಲು ಫೋನು ಎಲ್ಲವನ್ನೂ ಓದಿ ಹೇಳುವ ಕಾಲದಲ್ಲಿ ಈ ಕಷ್ಟವೇಕೆ ಎಂದು ತರುಣರು ನನ್ನನ್ನು ಕೇಳಿದ್ದುಂಟು. ಫೋನು ಓದುವುದು ಗಟ್ಟಿಯಾಗಿ. ಬ್ಯಾಂಕಿನ ಸಂದೇಶವನ್ನಾಗಲಿ, ಆಸ್ಪತ್ರೆಯ ವರದಿಯನ್ನಾಗಲಿ ಅದು ಓದಿದಾಗ ಮನೆಯವರೆಲ್ಲ ಕೇಳುತ್ತಾರೆ. ತನ್ನ ಗುಟ್ಟನ್ನು ತಾನೊಬ್ಬಳೇ ಮೌನವಾಗಿ ತಿಳಿಯುವ ಹಕ್ಕು ಓದು ಬಲ್ಲವಳಿಗೆ ಮಾತ್ರ ಉಂಟು. ಈ ಮಾತನ್ನು ಹೇಳಿದವಳೂ ನಮ್ಮ ಕೂಟದವಳೇ. ಗರ್ಭಕೋಶದ ವರದಿಯನ್ನು ಮಗನಿಂದ ಓದಿಸಿಕೊಳ್ಳಬೇಕಾಗಿ ಬಂದವಳು.

ಏನು ಮಾಡಬಹುದು?

ಬರೆಯುವವರು ಬೇರೆಲ್ಲಿಂದಲೋ ಬರಲಿ ಎಂದು ಕಾಯಬೇಕಾದುದಿಲ್ಲ. ೧೯೮೮ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿಯನ್ನು ಕೊಟ್ಟು, ಕೃಷಿಕರು ಕೃಷಿಕರಿಗಾಗಿ ಬರೆಯುವ ದಾರಿಯನ್ನು ತೋರಿಸಿತು. ಅದೇ ದಾರಿ ಇಲ್ಲಿಯೂ ಇದೆ. ನಮ್ಮ ಕೂಟದಲ್ಲಿ ಈಗ ಒಬ್ಬೊಬ್ಬಳು ವಾರಕ್ಕೊಂದು ಸಂಗತಿಯನ್ನು ಹೇಳುತ್ತಾಳೆ. ಅವಳ ಮಾತನ್ನು ತಿದ್ದದೆ, ದೊಡ್ಡ ಅಕ್ಷರದಲ್ಲಿ, ಪುಟಕ್ಕೆ ಎಂಟು ಸಾಲು ಮೀರದಂತೆ ಬರೆಯುತ್ತೇವೆ. ಮುಂದಿನ ವಾರ ಅವಳೇ ಅದನ್ನು ಓದಬೇಕು. ನೆರೆಹೊಳೆಯಲ್ಲಿ ಕೊಚ್ಚಿಹೋದ ಸಂಕ, ಕಾಡುಹಂದಿ ಹೊಕ್ಕ ಗದ್ದೆ, ಹಳದಿ ರೋಗ ಬಂದು ಸೊರಗಿದ ಅಡಕೆ ತೋಟ, ಅತ್ತೆ ಕಲಿಸಿದ ಪತ್ರೊಡೆ. ತನ್ನ ಮಾತು ಕಾಗದದ ಮೇಲೆ ಕುಳಿತದ್ದನ್ನು ಕಂಡವಳು ಕಾಗದಕ್ಕೆ ಹೆದರುವುದನ್ನು ಬಿಡುತ್ತಾಳೆ.

ಪುಸ್ತಕ ಅವಳಿದ್ದಲ್ಲಿಗೆ ಹೋಗಬೇಕೆಂಬುದು ಎರಡನೆಯ ಮಾತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಸಂತೋಷ. ಆದರೆ ಅವು ತೆರೆದಿರುವ ಹೊತ್ತಿಗೆ ಹೆಂಗಸರು ತೋಟದಲ್ಲಿಯೋ ಹಟ್ಟಿಯಲ್ಲಿಯೋ ಇರುತ್ತಾರೆ. ಒಂದು ಪೆಟ್ಟಿಗೆಯಲ್ಲಿ ಮೂವತ್ತು ಪುಸ್ತಕವನ್ನಿಟ್ಟು ವಾರದ ಸಂಘದ ಸಭೆಗೆ ಕಳುಹಿಸಿದರೆ, ಪಾಸ್‌ಬುಕ್ಕಿನೊಡನೆ ಪುಸ್ತಕವೂ ಮನೆಗೆ ಹೋಗುತ್ತದೆ. ೨೦೨೨ರಿಂದ ೨೦೨೭ರವರೆಗೆ ನಡೆಯುವ ‘ಉಲ್ಲಾಸ್’ ಎಂಬ ಕೇಂದ್ರದ ಸಾಕ್ಷರತಾ ಯೋಜನೆಯವರು ಈ ಪೆಟ್ಟಿಗೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.

ಮೂರನೆಯದು, ಕೇಳಿ ಓದುವ ಪದ್ಧತಿ. ಕ್ಯೂಬಾ ದೇಶದ ಚುಟ್ಟದ ಕಾರ್ಖಾನೆಗಳಲ್ಲಿ ೧೮೬೫ರಿಂದ, ಕೆಲಸಗಾರರು ಎಲೆ ಸುತ್ತುತ್ತಿರುವಾಗ ಒಬ್ಬನು ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದುವ ಕ್ರಮ ಬೆಳೆಯಿತು. ನೆರೆಯ ಕಣ್ಣೂರಿನ ಬೀಡಿ ಕೆಲಸಗಾರರೂ ಒಬ್ಬನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಟ್ಟು ಅವನಿಂದ ಪತ್ರಿಕೆ ಓದಿಸುತ್ತಿದ್ದರು. ನಮ್ಮ ಜಿಲ್ಲೆಯ ಜಗಲಿಗಳಲ್ಲಿ ಸೂಪು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ನಡುವೆಯೂ, ಅಡಕೆ ಸುಲಿಯುವ ಅಂಗಳದಲ್ಲಿಯೂ ಇದು ನಡೆಯಬಹುದು. ಹೈಸ್ಕೂಲಿಗೆ ಹೋಗುವ ಮಗಳೊಬ್ಬಳು ಮನೆಯಲ್ಲಿದ್ದರೆ ಸಾಕು.

ಇದನ್ನು ಓದುತ್ತಿರುವವರಲ್ಲಿ ಬರೆಯುವ ಅಭ್ಯಾಸವುಳ್ಳವರು ಅನೇಕರಿರಬಹುದು. ಅವರಲ್ಲಿ ನನ್ನ ಬಿನ್ನಹ ಇಷ್ಟೇ. ವರ್ಷಕ್ಕೆ ಒಂದೇ ಒಂದು ಸಲ, ಹದಿನಾರು ಪುಟದ ಪುಸ್ತಕವೊಂದನ್ನು ಐವತ್ತು ವರ್ಷದ ಬುದ್ಧಿಗೂ ಆರು ತಿಂಗಳ ಅಕ್ಷರಕ್ಕೂ ಹೊಂದುವಂತೆ ಬರೆದು ನೋಡಿ. ಮುದ್ರಣಕ್ಕೆ ಕೊಡುವ ಮೊದಲು ನಿಮ್ಮ ಮನೆಯ ಕೆಲಸದಾಕೆಯ ಮುಂದೆ ಓದಿ. ಅವಳು ನಡುವೆ ಎದ್ದು ಹೋದರೆ ಮತ್ತೆ ಬರೆಯಿರಿ. ಅಜ್ಜಾವರದ ನಮ್ಮ ಕೂಟದಲ್ಲಿ ಈಗ ಏಳು ಮಂದಿ ಪುಸ್ತಕ ಕೇಳುತ್ತಿದ್ದಾರೆ. ಈ ವಾರ ಅವರಿಗೆ ಕೊಡಲು ನನ್ನಲ್ಲಿರುವುದು ಮೂರೇ ಪುಸ್ತಕ, ಮೂರನ್ನೂ ಅವರು ಓದಿಯಾಗಿದೆ.